ಸ್ಪ್ರೇಯರ್ ಬ್ಯಾಟರಿಗಾಗಿ ಮನೆಯಲ್ಲೇ ಸ್ಪಾಟ್ ವೆಲ್ಡರ್: ಈವರೆಗಿನ ಕೆಲಸ

ತೋಟದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಸ್ಪ್ರೇಯರಿನೊಳಗಿನ 12 ವೋಲ್ಟಿನ ಸೀಸದ ಬ್ಯಾಟರಿ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದರ ಬದಲಿಗೆ 32700 ಅಳತೆಯ, ತಲಾ 3.2 ವೋಲ್ಟಿನ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 12.8 ವೋಲ್ಟ್ ದೊರೆಯುತ್ತದೆ, ತೂಕವೂ ಮುಕ್ಕಾಲು ಕಿಲೋದೊಳಗೇ ಮುಗಿಯುತ್ತದೆ. ತೊಡಕಿರುವುದು ಜೋಡಿಸುವುದರಲ್ಲಿ. ಸೋಲ್ಡರಿಂಗ್ ಕಬ್ಬಿಣವನ್ನು ಸೆಲ್ಲಿನ ತುದಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಶಾಖ ಒಳಗಿಳಿದು ಪ್ಲಾಸ್ಟಿಕ್ ಸೀಲನ್ನೂ ಪದರಗಳ ನಡುವಿನ ತೆಳುವಾದ ಪೊರೆಯನ್ನೂ ಹಾಳುಮಾಡಬಹುದು. ನಿಕಲ್ ಪಟ್ಟಿಯ ಮೂಲಕ ಒಂದು ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಮಾತ್ರ ನೂರಾರು ಆಂಪಿಯರ್ ಹರಿಸಿ ಬೆಸೆಯುವ ಸ್ಪಾಟ್ ವೆಲ್ಡಿಂಗ್‌ನಲ್ಲಿ ಶಾಖ ಒಳಗಿಳಿಯುವಷ್ಟು ಸಮಯವೇ ಇರುವುದಿಲ್ಲ.

ಯಂತ್ರದ ಮೂಲ ವಸ್ತು ಗುಜರಿಯಿಂದ ತಂದ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್. ಒಲೆಯನ್ನು ಬಿಚ್ಚುವವರು ಮೊದಲು ಗಮನಿಸಬೇಕಾದದ್ದು ಅದರ ಕೆಪಾಸಿಟರನ್ನು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದಾದ್ದರಿಂದ, ಅದನ್ನು ಸುರಕ್ಷಿತವಾಗಿ ಖಾಲಿ ಮಾಡುವವರೆಗೆ ಬೇರೇನನ್ನೂ ಮುಟ್ಟಬಾರದು. ಒಲೆಯಲ್ಲಿ ಮೈಕ್ರೋವೇವ್ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿನ ಪಿಂಗಾಣಿ ಭಾಗದಲ್ಲಿ ವಿಷಕಾರಿ ಬೆರಿಲಿಯಂ ಆಕ್ಸೈಡ್ ಇರುವ ಸಂಭವವಿರುವುದರಿಂದ ಅದನ್ನು ಒಡೆಯದೆ ಹಾಗೆಯೇ ಬದಿಗಿಟ್ಟಿದ್ದೇನೆ.

ಸುಮಾರು ಎರಡು ಸಾವಿರ ವೋಲ್ಟ್ ಕೊಡುವ ಸೆಕೆಂಡರಿ ಸುರುಳಿಯನ್ನು ಗರಗಸದಿಂದ ಕೊಯ್ದು ತೆಗೆದು, ಎರಡು ಸುರುಳಿಗಳ ನಡುವಿನ ಕರೆಂಟಿಗೆ ಮಿತಿ ಹಾಕುವ ಕಬ್ಬಿಣದ ಶಂಟ್ ತುಂಡುಗಳನ್ನೂ ಹೊರಹಾಕಿ, ಆ ಜಾಗದಲ್ಲಿ 35 ಚದರ ಮಿಲಿಮೀಟರಿನ ತಾಮ್ರದ ಕೇಬಲನ್ನು ಎರಡು ಸುತ್ತು ಸುತ್ತಿದ್ದೇನೆ. ಸುತ್ತಿಗೆ ಹೆಚ್ಚುಕಡಿಮೆ ಒಂದು ವೋಲ್ಟ್ ಬರುತ್ತದೆ. ಇಲ್ಲಿ ಕೇಬಲಿನ ಉದ್ದದ ಲೆಕ್ಕವನ್ನು ಹಗುರವಾಗಿ ನೋಡುವಂತಿಲ್ಲ. ಈ ಗಾತ್ರದ ತಾಮ್ರಕ್ಕೆ ಮೀಟರಿಗೆ ಅರ್ಧ ಮಿಲಿಓಮ್‌ನಷ್ಟು ರೋಧವಿದೆ. ಸಾವಿರ ಆಂಪಿಯರ್ ಹರಿದಾಗ ಒಂದು ಮೀಟರ್ ಕೇಬಲೇ ಅರ್ಧ ವೋಲ್ಟನ್ನು ನುಂಗುತ್ತದೆ, ಅಂದರೆ ಇರುವ ಎರಡು ವೋಲ್ಟಿನಲ್ಲಿ ಕಾಲು ಭಾಗ. ಆದ್ದರಿಂದ ಕೈಯಲ್ಲಿ ಹಿಡಿದು ಬೆಸೆಯುವ ಉದ್ದ ಕೇಬಲಿನ ಪೆನ್ನುಗಳ ಆಸೆ ಬಿಟ್ಟು, ಪಟ್ಟಿಗೆ ಒತ್ತಿ ಕರೆಂಟು ಹರಿಸುವ ಎಲೆಕ್ಟ್ರೋಡುಗಳನ್ನು ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಹಳೆಯ ಡ್ರಿಲ್ ಸ್ಟ್ಯಾಂಡೊಂದಕ್ಕೆ ಕೂರಿಸಿದೆ.

ಮನೆಯ ವಿದ್ಯುತ್ತು ಸೇರುವ ಪ್ರೈಮರಿ ಸುರುಳಿಯನ್ನು ಆನ್-ಆಫ್ ಮಾಡುವುದು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು. ಅದಕ್ಕೆ ಆಜ್ಞೆ ಕೊಡುವುದು ಆರ್ಡುವಿನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು. ಹೀಟರಿನಂಥ ಲೋಡುಗಳಿಗೆ ಎಸಿ ಅಲೆ ಸೊನ್ನೆ ದಾಟುವಾಗ ಆನ್ ಮಾಡುವುದು ಒಳ್ಳೆಯದೆಂಬ ಮಾತು ಟ್ರಾನ್ಸ್‌ಫಾರ್ಮರಿಗೆ ಸಲ್ಲುವುದಿಲ್ಲ. ಸೊನ್ನೆಯಲ್ಲಿ ಆನ್ ಮಾಡಿದರೆ ಕೋರಿನೊಳಗಿನ ಕಾಂತೀಯ ಹರಿವು ಮೊದಲ ಅರ್ಧ ಅಲೆಯಲ್ಲೇ ಎಂದಿನ ಗರಿಷ್ಠದ ಎರಡು ಪಟ್ಟಿನತ್ತ ಏರಿ, ಕೋರ್ ತುಂಬಿಹೋಗಿ, ಎಂಸಿಬಿ ಬೀಳುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೊನ್ನೆ ದಾಟಿದ 5 ಮಿಲಿಸೆಕೆಂಡಿಗೆ ಅಲೆ ತನ್ನ ತುದಿ ಮುಟ್ಟುತ್ತದೆ. ಮೊದಲ ಪಲ್ಸನ್ನು, ಅಂದರೆ ಕ್ಷಣಕಾಲದ ಕರೆಂಟಿನ ಹರಿವನ್ನು, ಅಲ್ಲಿಂದಲೇ ಆರಂಭಿಸುತ್ತೇನೆ. ಹೀಗೆ ಮಾಡಲು ಸೊನ್ನೆಗಾಗಿ ಕಾಯುವ ಎಂಒಸಿ 3041 ಬಗೆಯ ಆಪ್ಟೋ-ಟ್ರಯಾಕ್ (ಆಜ್ಞೆಯನ್ನು ಬೆಳಕಿನ ಮೂಲಕ ಟ್ರಯಾಕಿಗೆ ದಾಟಿಸುವ ಬಿಡಿಭಾಗ) ಒದಗುವುದಿಲ್ಲ, ಕಾಯದ ಎಂಒಸಿ 3052 ಬಗೆಯದೇ ಬೇಕು. ಮೊದಲು 20 ಮಿಲಿಸೆಕೆಂಡಿನ ಸಣ್ಣ ಪಲ್ಸೊಂದು ಪಟ್ಟಿಯನ್ನು ಸೆಲ್ಲಿನ ಮೇಲೆ ಸರಿಯಾಗಿ ಕೂರಿಸುತ್ತದೆ. ಸ್ವಲ್ಪ ಬಿಡುವಿನ ನಂತರ 60 ಮಿಲಿಸೆಕೆಂಡಿನ ಮುಖ್ಯ ಪಲ್ಸ್ ಬರುತ್ತದೆ.

ಒತ್ತಡದ ವಿಷಯ ನಾನು ಎಣಿಸಿದ್ದಕ್ಕಿಂತ ಸೂಕ್ಷ್ಮವಾಗಿತ್ತು. ಎಲೆಕ್ಟ್ರೋಡನ್ನು ಹಗುರವಾಗಿ ಒತ್ತಿದರೆ ತಗಲುವ ಜಾಗದ ರೋಧ ಹೆಚ್ಚಿ ಕಿಡಿ ಸಿಡಿಯುತ್ತದೆ, ಪಟ್ಟಿಯಲ್ಲಿ ತೂತು ಬೀಳುತ್ತದೆ. ಬಲವಾಗಿ ಒತ್ತಿದರೆ ರೋಧ ಕುಗ್ಗಿ ಬೆಸುಗೆ ಮೇಲ್ಮೇಲೆ ಅಂಟಿದಂತಾಗುತ್ತದೆ. ಕೈಯ ಅಂದಾಜಿಗೆ ಇದನ್ನು ಬಿಡುವುದು ಬೇಡವೆಂದು ಎಲೆಕ್ಟ್ರೋಡಿನ ಮೇಲೆ ಸ್ಪ್ರಿಂಗ್ ಇಟ್ಟು, ಅದು ಗೊತ್ತುಪಡಿಸಿದಷ್ಟು ಕುಗ್ಗಿದಾಗ ಮಾತ್ರ ಒತ್ತಿಕೊಳ್ಳುವ ಮೈಕ್ರೋಸ್ವಿಚ್ಚಿನಿಂದ ಪಲ್ಸ್ ಹೊಡೆಯುವಂತೆ ಮಾಡಿದ್ದೇನೆ. ಇಡೀ ಯಂತ್ರದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಭಾಗ ಇದು, ಖರ್ಚೂ ಅತಿ ಕಡಿಮೆ.

ಇಷ್ಟಾದರೂ ಬೆಳಗಿನ ಬೆಸುಗೆಗೂ ಮಧ್ಯಾಹ್ನದ ಬೆಸುಗೆಗೂ ಹೋಲಿಕೆಯಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬಂದೊಡನೆ ಮನೆಯ 230 ವೋಲ್ಟ್ 190ಕ್ಕೆ ಇಳಿಯುವುದುಂಟು. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ವೋಲ್ಟೇಜು ಆರನೆಯ ಒಂದು ಭಾಗದಷ್ಟು ಇಳಿದರೆ ಶಾಖ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಪಲ್ಸಿನ ಸಮಯ ಹೆಚ್ಚಿಸಿ ಇದನ್ನು ಸರಿದೂಗಿಸಬಹುದೆಂದು ತೋರಿದರೂ ಅದು ನನಗೆ ಒಪ್ಪಿಗೆಯಾಗಲಿಲ್ಲ. ಹೊತ್ತು ಹೆಚ್ಚಿದಷ್ಟೂ ಶಾಖ ಸುತ್ತಲೂ ಒಳಕ್ಕೂ ಹರಡುತ್ತದೆ. ಸೋಲ್ಡರಿಂಗ್ ಬೇಡವೆಂದು ಹೊರಟ ಕಾರಣವೇ ಅದಲ್ಲವೇ? ಆದ್ದರಿಂದ ಮುಖ್ಯ ಪಲ್ಸನ್ನು 190 ವೋಲ್ಟಿಗೆ ಸಾಕಾಗುವಂತೆ ನಿಗದಿಪಡಿಸಿ, ವೋಲ್ಟೇಜು ಅದಕ್ಕಿಂತ ಹೆಚ್ಚಿದ್ದಾಗ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ಕತ್ತರಿಸುವ ಕ್ರಮ ಅನುಸರಿಸಿದ್ದೇನೆ. ಸಣ್ಣ 9 ವೋಲ್ಟ್ ಟ್ರಾನ್ಸ್‌ಫಾರ್ಮರೊಂದರ ಮೂಲಕ ಆರ್ಡುವಿನೋ ಪ್ರತಿ ಬೆಸುಗೆಗೂ ಮುನ್ನ ವೋಲ್ಟೇಜು ಅಳೆದು, ಎಷ್ಟು ತಡವಾಗಿ ಟ್ರಯಾಕ್ ತೆರೆಯಬೇಕೆಂಬುದನ್ನು ಕೋಷ್ಟಕದಿಂದ ಆರಿಸುತ್ತದೆ. 190ಕ್ಕಿಂತ ಕೆಳಗಿಳಿದರೆ ಪಲ್ಸ್ ಹೊಡೆಯುವುದೇ ಇಲ್ಲ. ಪಲ್ಸ್ ಹೊಡೆದ ಕ್ಷಣದಲ್ಲಿ ಲೈನು ಇನ್ನಷ್ಟು ಕುಸಿಯುವುದನ್ನು ಈ ಕೋಷ್ಟಕ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪಟ್ಟಿ 0.15 ಮಿಲಿಮೀಟರ್ ದಪ್ಪದ ಶುದ್ಧ ನಿಕಲ್. ನಿಕಲ್ ಲೇಪಿಸಿದ ಉಕ್ಕಿನ ಪಟ್ಟಿಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡೂ ಅಯಸ್ಕಾಂತಕ್ಕೆ ಅಂಟುವುದರಿಂದ ಆ ಪರೀಕ್ಷೆ ನಿರರ್ಥಕ. ಮೇಲ್ಮೈ ಕೆರೆದು ಉಪ್ಪುನೀರಿನಲ್ಲಿಟ್ಟರೆ ಉಕ್ಕು ತುಕ್ಕು ಹಿಡಿದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಎರಡು ಎಲೆಕ್ಟ್ರೋಡುಗಳ ನಡುವೆ ಪಟ್ಟಿಯಲ್ಲಿ ಉದ್ದಕ್ಕೆ ಸೀಳು ಕೊಟ್ಟ ಮೇಲೆ, ಪಟ್ಟಿಯಲ್ಲೇ ಅಡ್ಡದಾರಿ ಹಿಡಿಯುತ್ತಿದ್ದ ಕರೆಂಟು ಸೆಲ್ಲಿನ ಮೂಲಕ ಹಾದು ಬೆಸುಗೆ ಗಟ್ಟಿಯಾಯಿತು.

ಈಗ ಸತ್ತ ಸೆಲ್‌ಗಳ ಮೇಲೆ ಬೆಸೆದ ಪಟ್ಟಿಯನ್ನು ಇಕ್ಕಳದಿಂದ ಎಳೆದರೆ ಪಟ್ಟಿ ಹರಿದು, ಬೆಸುಗೆಯ ಚುಕ್ಕಿಗಳು ಸೆಲ್ಲಿನ ಮೇಲೆಯೇ ಉಳಿಯುತ್ತವೆ. ಬೆಳಿಗ್ಗೆಯೂ ಮಧ್ಯಾಹ್ನವೂ ಫಲಿತಾಂಶ ಒಂದೇ. ಹೊಸ ಸೆಲ್‌ಗಳನ್ನು ಮುಟ್ಟುವ ಮುನ್ನ ಟ್ರಾನ್ಸ್‌ಫಾರ್ಮರಿನ ಕೋರನ್ನು ಅರ್ತ್ ಮಾಡಿರುವ ತಂತಿಯ ಜೋಡಣೆಯನ್ನು ಗಟ್ಟಿಗೊಳಿಸಬೇಕು, 230 ವೋಲ್ಟಿನ ಭಾಗಕ್ಕೆ ಮುಚ್ಚಳ ಹಾಕಬೇಕು. ಸೆಲ್‌ಗಳನ್ನು ಅತಿ ಚಾರ್ಜಿನಿಂದಲೂ ಪೂರ್ತಿ ಬರಿದಾಗುವುದರಿಂದಲೂ ಕಾಯುವ ಬಿಎಂಎಸ್ ಸರ್ಕ್ಯೂಟಿನ ತಂತಿಗಳನ್ನು ಪಟ್ಟಿಯ ತುದಿಗಳಿಗೆ ಮೊದಲೇ ಸೋಲ್ಡರ್ ಮಾಡಿಟ್ಟು, ನಂತರ ಪಟ್ಟಿಗಳನ್ನು ಸೆಲ್‌ಗಳಿಗೆ ಬೆಸೆಯುವುದು ಮುಂದಿನ ಹಂತ.