ಶಿವರಾತ್ರಿಯ ರಾತ್ರಿ ನಾನು ತಿದ್ದಿದ ಒಂದು ಸಾಲು

ನನ್ನ ಕೆಲಸ ಏನು ಅಂತ ಅಮ್ಮನಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಹಾಕಿ ಅಂದ ಕೂಡಲೇ ಅವರಿಗೆ ಕೊಡಗು ನೆನಪಾಗುತ್ತದೆ. ನಾನು ನೋಡುವುದು ಮಂಜುಗಡ್ಡೆಯ ಮೇಲಿನ ಹಾಕಿ, ಅಮೆರಿಕ ಕೆನಡಾದ ಎನ್‌ಎಚ್‌ಎಲ್ ಲೀಗ್. ಅಲ್ಲಿನ ಒಂದು ಆ್ಯಪ್‌ಗೆ ಬೆಂಗಳೂರಿಂದ ರಾತ್ರಿ ಪಾಳಿಯಲ್ಲಿ ಅಲರ್ಟು, ವಿಷಯ ಬಿಡಿಸಿ ಹೇಳುವ ಎಕ್ಸ್‌ಪ್ಲೇನರು ಕಳಿಸುವುದು ನಮ್ಮ ಡೆಸ್ಕಿನ ಕೆಲಸ. ಮಂಜುಗಡ್ಡೆ ಇರುವುದು ಅಲ್ಲಿ, ಸ್ವೆಟರ್ ಹಾಕಿಕೊಂಡು ನಡುಗುವವರು ನಾವು. ಎಸಿ ಸ್ವಲ್ಪ ಕಡಿಮೆ ಮಾಡಿ ಅಂತ ಫೆಸಿಲಿಟಿಯವರಿಗೆ ಟಿಕೆಟ್ ಹಾಕಿ ಎರಡು ವರ್ಷವಾಯಿತು. ಅದಿನ್ನೂ ‘ಇನ್ ಪ್ರೋಗ್ರೆಸ್’.

2024ರ ಮಾರ್ಚ್ 8. ಮಹಾಶಿವರಾತ್ರಿ. ಅದೇ ದಿನ ಎನ್‌ಎಚ್‌ಎಲ್ ಟ್ರೇಡ್ ಡೆಡ್‌ಲೈನ್, ಅಂದರೆ ಆ ಸೀಸನ್‌ಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ಗಡುವು. ಅಲ್ಲಿ ಮಧ್ಯಾಹ್ನ ಮೂರು, ನಮಗೆ ರಾತ್ರಿ ಒಂದೂವರೆ. ಊರೆಲ್ಲ ಶಿವನಿಗಾಗಿ ಜಾಗರಣೆ ಮಾಡುತ್ತಿದ್ದರೆ ನಾವು ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ಗಾಗಿ. ಬೆಂಗಳೂರಲ್ಲಿ ನೀರಿಗೆ ಪರದಾಡುತ್ತಿದ್ದ ದಿನಗಳು ಬೇರೆ. ನಮ್ಮ ಮಹಡಿಯ ಟಾಯ್ಲೆಟ್‌ಗೆ ಬೀಗ ಹಾಕಿ ‘ಟ್ಯಾಂಕರ್ ಬರುವವರೆಗೆ’ ಅಂತ ಚೀಟಿ ಅಂಟಿಸಿದ್ದರು.

ಅದಕ್ಕೆ ಹತ್ತು ದಿನ ಮೊದಲು ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಒಂದು ಡೆಕ್ ತೋರಿಸಿದ್ದರು. ಹನ್ನೆರಡು ಸ್ಲೈಡ್. ಮೂರನೆಯದರ ತಲೆಬರಹ ‘ಡೆಸ್ಕ್ ರೀಬಿಲ್ಡ್’. ಅರ್ಥ ಇಷ್ಟೇ: ಹಳಬರ ಸಂಬಳ ಜಾಸ್ತಿಯಾಗಿದೆ. ಮೂವರು ಸೀನಿಯರ್‌ಗಳಲ್ಲಿ ಇಬ್ಬರನ್ನು ಐಪಿಎಲ್ ಡೆಸ್ಕಿಗೆ ಎತ್ತಿ ಹಾಕಿದರು. ಆ ಜಾಗಕ್ಕೆ ನಾಲ್ವರು ಫ್ರೆಶರ್‌ಗಳು ಬಂದರು. ನನ್ನನ್ನು ಉಳಿಸಿಕೊಂಡರು, ‘ಸದ್ಯಕ್ಕೆ’ ಅನ್ನುವ ಪದದ ಜೊತೆಗೆ. ಕೆಳಗಿನ ಟೀ ಅಂಗಡಿಯಲ್ಲಿ ನಿಂತು ನಾನು ಬೈದದ್ದು ಸ್ವಲ್ಪವಲ್ಲ. ಹತ್ತು ವರ್ಷ ನಿದ್ದೆಗೆಟ್ಟು ಕಲಿತದ್ದನ್ನು ಒಂದು ಎಕ್ಸೆಲ್ ಶೀಟು ನೋಡಿ ಅಳೆಯುತ್ತಾರಾ ಇವರು!

ತಮಾಷೆ ಏನಂದರೆ, ಅದೇ ವಾರ ನಾನು ಬರೆಯುತ್ತಿದ್ದ ಎಕ್ಸ್‌ಪ್ಲೇನರ್‌ನ ವಿಷಯ: ಸ್ಯಾನ್ ಹೋಸೆ ಶಾರ್ಕ್ಸ್ ತಂಡ ತನ್ನ ಹಳಬರನ್ನೆಲ್ಲ ಮಾರಿ ಹೊಸದಾಗಿ ಕಟ್ಟಬೇಕೇ? ನನ್ನ ಉತ್ತರ, ಹೌದು. ಒಬ್ಬರನ್ನೂ ಬಿಡದೆ ಮಾರಿ. ಫ್ರೆಶರ್‌ಗಳಲ್ಲಿ ಶಿವಮೊಗ್ಗದ ಹುಡುಗಿಯೊಬ್ಬಳು ಅದರ ಕ್ಯೂಸಿ, ಅಂದರೆ ತಪ್ಪು ಹುಡುಕುವ ಕೆಲಸ, ಮಾಡುತ್ತಾ ಕೇಳಿದಳು, “ಸರ್, ಮ್ಯಾನೇಜರ್ ಹೇಳಿದ್ದೂ ಇದನ್ನೇ ಅಲ್ವಾ?”

“ಅದು ಬೇರೆ, ಇದು ಬೇರೆ ಕಣಮ್ಮ” ಅಂದೆ. ಹೇಗೆ ಬೇರೆ ಅಂತ ಅವಳು ಕೇಳಲಿಲ್ಲ. ಸದ್ಯ.

ಶಾರ್ಕ್ಸ್ ವಿಷಯದಲ್ಲಿ ನನ್ನ ವಾದ ಈಗಲೂ ತಪ್ಪಲ್ಲ ಅಂತಲೇ ಅಂದುಕೊಂಡಿದ್ದೇನೆ. 2016ರಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್ ಟ್ರೋಫಿಯ ಫೈನಲ್ ಆಡಿದ್ದ ತಂಡ ಅದು. ಪಿಟ್ಸ್‌ಬರ್ಗ್ ಎದುರು 4-2ರಲ್ಲಿ ಸೋತಿತು. 2019ರ ನಂತರ ಪ್ಲೇಆಫ್ ಮುಖವನ್ನೇ ಕಂಡಿರಲಿಲ್ಲ. ವಯಸ್ಸಾಗುತ್ತಿದ್ದ ಆಟಗಾರರಿಗೆ ಉದ್ದುದ್ದ ಕಾಂಟ್ರ್ಯಾಕ್ಟು, ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿ, ಎರಡರ ನಡುವೆ ಸಿಕ್ಕಿಕೊಂಡಿದ್ದರು. 2022ರಲ್ಲಿ ಮೈಕ್ ಗ್ರಿಯರ್ ಜನರಲ್ ಮ್ಯಾನೇಜರ್ ಆಗಿ ಬಂದವರೇ ಮಾರಲು ಶುರು ಮಾಡಿದರು. ಮೊದಲು ಬ್ರೆಂಟ್ ಬರ್ನ್ಸ್. ಮುಂದಿನ ಫೆಬ್ರವರಿಯಲ್ಲಿ ಟೀಮೊ ಮೈಯರ್. ಆಗಸ್ಟ್‌ನಲ್ಲಿ ಎರಿಕ್ ಕಾರ್ಲ್‌ಸನ್. ಡಿಫೆನ್ಸ್‌ನಲ್ಲಿ ಆಡುತ್ತಾ ಆಗಷ್ಟೇ ಗೋಲು, ಗೋಲಿಗೆ ನೆರವು ಎರಡೂ ಸೇರಿ 101 ಪಾಯಿಂಟ್ ಹೊಡೆದಿದ್ದವರು ಅವರು! ಅದಾದ ಮೇಲೆ 2023–24ರ ಸೀಸನ್ ಶುರುವಾದದ್ದು ಮೊದಲ 11 ಪಂದ್ಯದಲ್ಲಿ ಒಂದೂ ಗೆಲುವಿಲ್ಲದೆ. ಒಂದು ಪಂದ್ಯದಲ್ಲಿ 10-1ರ ಸೋಲು, ಅದರ ಮುಂದಿನದರಲ್ಲೇ 10-2. ಆ ಎರಡು ರಾತ್ರಿ ಅಲರ್ಟ್ ಕಳಿಸಿ ಕಳಿಸಿ ನನ್ನ ಬೆರಳೇ ನಾಚಿಕೊಂಡಿತ್ತು.

ಎನ್‌ಎಚ್‌ಎಲ್‌ನಲ್ಲಿ ಐಪಿಎಲ್ ಹಾಗೆ ಹರಾಜಿಲ್ಲ. ಆಟಗಾರನನ್ನು ಕೊಟ್ಟು ಬೇರೆ ಆಟಗಾರರನ್ನೋ, ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್‌ಗಳನ್ನೋ ತಗೊಳ್ಳುತ್ತಾರೆ. ಪಿಕ್ ಅಂದರೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಸಾಲಿನಲ್ಲಿ ನಿಂತು ಆರಿಸಿಕೊಳ್ಳುವ ಹಕ್ಕು. ಸೋತವರಿಗೆ ಸಾಲಿನ ಮುಂದೆ ಜಾಗ. ಕೊನೆಯ ಸ್ಥಾನದಲ್ಲಿರುವ ತಂಡಕ್ಕೆ ಲಾಟರಿಯಲ್ಲಿ ಮೊದಲ ಪಿಕ್ ಸಿಗುವ ಸಾಧ್ಯತೆ 25.5%. ಹೊಡೆಯದಿದ್ದರೂ ಮೂರರಿಂದ ಕೆಳಗೆ ಹೋಗುವುದಿಲ್ಲ. ಹೀಗಾಗಿ ನಡುವಿನ ಸ್ಥಾನಗಳಲ್ಲಿ ಒದ್ದಾಡುವುದಕ್ಕಿಂತ ಪೂರ್ತಿ ತಳಕ್ಕೆ ಬೀಳುವುದೇ ಲಾಭ ಅನ್ನುವ ವಿಚಿತ್ರ ಲೆಕ್ಕ. ಲೆಕ್ಕ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬಫಲೊ ತಂಡ ಇದೆ. 2011ರ ನಂತರ ಸತತ 14 ಸೀಸನ್ ಅವರಿಗೆ ಪ್ಲೇಆಫ್ ಸಿಗಲಿಲ್ಲ. ನಡುವೆ ಎರಡು ಸಲ ಮೊದಲ ಪಿಕ್ ಸಿಕ್ಕರೂ! ಹಳಬರು ಹೋದ ಮನೆಯಲ್ಲಿ ಹುಡುಗರಿಗೆ ಸೋಲೇ ಅಭ್ಯಾಸವಾಗಿಬಿಡುತ್ತದೆ. ಇದನ್ನೂ ಎಕ್ಸ್‌ಪ್ಲೇನರ್‌ನಲ್ಲಿ ಬರೆದಿದ್ದೆ, ಕೊನೆಯಲ್ಲಿ, ಒಂದೇ ಸಾಲು.

ಡೆಡ್‌ಲೈನ್ ರಾತ್ರಿಗೆ ನಮ್ಮ ಪದ್ಧತಿ ಹೀಗೆ: ಯಾರು ಹೋಗಬಹುದು ಅಂತ ಎ, ಬಿ, ಸಿ ಪಟ್ಟಿ. ಹೋಗುವ ಸಾಧ್ಯತೆ ಹೆಚ್ಚಿದ್ದವರು ಎ, ತೀರಾ ಕಡಿಮೆ ಇದ್ದವರು ಸಿ. ಎ, ಬಿಗೆ ಟೆಂಪ್ಲೇಟ್ ರೆಡಿ. ಸಿಗೆ ಏನೂ ಇಲ್ಲ. ಪಟ್ಟಿ ನನ್ನದು. ಟೊಮಾಸ್ ಹರ್ಟಲ್ ಹೆಸರನ್ನು ಕಣ್ಣುಮುಚ್ಚಿ ಸಿಗೆ ಹಾಕಿದೆ. ಹನ್ನೊಂದು ಸೀಸನ್ ಅಲ್ಲೇ ಆಡಿದವರು. ಮೊಣಕಾಲಿನ ಆಪರೇಶನ್ ಆಗಿ ಹೊರಗೆ ಕೂತಿದ್ದರು. ಕಾಂಟ್ರ್ಯಾಕ್ಟ್ 2030ರವರೆಗೆ, ವರ್ಷಕ್ಕೆ 80 ಲಕ್ಷ ಡಾಲರ್‌ಗೂ ಮೇಲೆ. ಇಂಥ ಹೊರೆಯನ್ನು ಯಾರು ಹೊರುತ್ತಾರೆ? ‘ಎಲ್ಲರನ್ನೂ ಮಾರಿ’ ಅಂತ ಬರೆದವನೇ ನಾನು. ಆದರೆ ನಿಜವಾಗಿ ಮಾರುತ್ತಾರೆ ಅಂತ ನನಗೇ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ.

ಒಂದೂವರೆ ಆಯಿತು. ದೊಡ್ಡದೇನೂ ತಪ್ಪಿಹೋಗಿರಲಿಲ್ಲ. ಶಿವಮೊಗ್ಗದ ಹುಡುಗಿ ಡಬ್ಬಿ ತೆರೆದು ತಂಬಿಟ್ಟು ಹಂಚಿದಳು. ಉಪವಾಸವಿದ್ದ ಇನ್ನೊಬ್ಬ ಹುಡುಗ ವಾಸನೆ ನೋಡಿಯೇ ತೃಪ್ತಿಪಟ್ಟ. ಹ್ಯಾಂಡ್‌ಓವರ್ ನೋಟ್ ಬರೆಯಲು ಕೂತೆ. ಡೆಡ್‌ಲೈನ್ ದಾಟಿದ ಮೇಲೂ ಕೆಲವು ಟ್ರೇಡ್ ಹೊರಬೀಳುತ್ತವೆ. ಕಾಗದ ಸಮಯಕ್ಕೆ ಮುಂಚೆ ಲೀಗ್ ಆಫೀಸಿಗೆ ತಲುಪಿದ್ದರೆ ಸಾಕು. ಅದು ನನಗೆ ಗೊತ್ತು. ಗೊತ್ತಿದ್ದೂ ಹೆಡ್‌ಫೋನ್ ತೆಗೆದಿಟ್ಟಿದ್ದೆ.

“ಸರ್, ಹರ್ಟಲ್!”

ವೇಗಸ್ ತಂಡಕ್ಕೆ. ಅದೂ ಅದೇ ಡಿವಿಷನ್‌ನ ಎದುರಾಳಿಗೆ. ಟೆಂಪ್ಲೇಟ್ ಇಲ್ಲ. ನಾನು ಫೋಟೊ ಹುಡುಕಿದೆ, ಅವಳು ಅಲರ್ಟ್ ಟೈಪ್ ಮಾಡಿದಳು. ಎರಡು ನಿಮಿಷದಲ್ಲಿ ವಿವರವೂ ಬಂತು. ಅವಳು ಬರೆದದ್ದು: ವೇಗಸ್‌ಗೆ ಹರ್ಟಲ್, ಜೊತೆಗೆ ಮೂರನೇ ಸುತ್ತಿನ ಎರಡು ಪಿಕ್. ಸ್ಯಾನ್ ಹೋಸೆಗೆ ಡೇವಿಡ್ ಎಡ್‌ಸ್ಟ್ರಾಮ್ ಮತ್ತು 2025ರ ಮೊದಲ ಸುತ್ತಿನ ಪಿಕ್.

ನೋಡಿದೆ. ತಲೆಯಲ್ಲಿ ಕೆಂಪು ದೀಪ. ಮಾರುವವರು, ಅದರಲ್ಲೂ ಹೊಸದಾಗಿ ಕಟ್ಟುವವರು, ತಾವೇ ಪಿಕ್ ಕೊಡುತ್ತಾರಾ? ಹುಡುಗಿ ಗಾಬರಿಯಲ್ಲಿ ಉಲ್ಟಾ ಬರೆದಿದ್ದಾಳೆ. ಎರಡು ಪಿಕ್‌ಗಳನ್ನು ಕಟ್ ಮಾಡಿ ಆ ಕಡೆಯಿಂದ ಈ ಕಡೆಗೆ ಪೇಸ್ಟ್ ಮಾಡಿದೆ.

“ಸರ್, ಸೋರ್ಸ್‌ನಲ್ಲೂ ನಾನು ಬರೆದ ಹಾಗೇ ಇದೆ.”

“ರೀಬಿಲ್ಡ್ ಮಾಡೋ ಟೀಮು ಪಿಕ್ ಕೊಡಲ್ಲ ಕಣಮ್ಮ. ಅವರು ಅವಸರದಲ್ಲಿ ತಪ್ಪು ಹಾಕಿರ್ತಾರೆ.”

“ಒಂದ್ಸಲ ನೋಡಿ ಸರ್...”

“ಎಸ್‌ಎಲ್‌ಎ ಹೋಗ್ತಿದೆ.”

ಎಸ್‌ಎಲ್‌ಎ ಅಂದರೆ ಇಷ್ಟು ಹೊತ್ತಿನೊಳಗೆ ಕಳಿಸುತ್ತೇವೆ ಅಂತ ಕ್ಲೈಂಟ್‌ಗೆ ಕೊಟ್ಟ ಮಾತು. ಸೆಂಡ್ ಒತ್ತಿದೆ. ಸೋರ್ಸ್ ಪಕ್ಕದ ಮಾನಿಟರ್‌ನಲ್ಲೇ ಇತ್ತು. ಕುತ್ತಿಗೆ ತಿರುಗಿಸಿದ್ದರೆ ಮುಗಿಯುತ್ತಿತ್ತು.

ನಾಲ್ಕು ನಿಮಿಷದಲ್ಲಿ ಕ್ಲೈಂಟ್ ಕಡೆಯ ಎಡಿಟರ್‌ನಿಂದ ಪಿಂಗ್. ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ನನ್ನ ಕೈ ತಣ್ಣಗಾದದ್ದು ಎಸಿಯಿಂದಲ್ಲ. ತಿದ್ದುಪಡಿ ಅಲರ್ಟ್ ಕಳಿಸಬೇಕು. ಅಂದರೆ ಮೊದಲನೆಯದನ್ನು ಓದದವರಿಗೂ ನಾವು ತಪ್ಪು ಮಾಡಿದ್ದೇವೆ ಅಂತ ಫೋನ್ ಕುಣಿಸಿ ತಿಳಿಸಬೇಕು. ಅದನ್ನು ಅವಳೇ ಟೈಪ್ ಮಾಡಿದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಟ್ರೇಡ್‌ನ ಲೆಕ್ಕ ಆಮೇಲೆ ಕೂತು ನೋಡಿದರೆ ಸಂತೆಯ ಲೆಕ್ಕದಷ್ಟೇ ಸರಳ. ಸ್ಯಾನ್ ಹೋಸೆಗೆ ಬೇಕಾಗಿದ್ದದ್ದು ಒಳ್ಳೆಯ ದೊಡ್ಡ ನೋಟು: ಮೊದಲ ಸುತ್ತಿನ ಪಿಕ್ ಒಂದು, ಹಿಂದಿನ ವರ್ಷ ಮೊದಲ ಸುತ್ತಿನಲ್ಲೇ ಆರಿಸಿದ್ದ ಹುಡುಗ ಒಬ್ಬ. ಅದಕ್ಕೆ ಹರ್ಟಲ್ ಜೊತೆ ಚಿಲ್ಲರೆ ಸೇರಿಸಿ ಕೊಟ್ಟರು. ಹರ್ಟಲ್ ಸಂಬಳದಲ್ಲೂ ಸ್ವಲ್ಪ ಪಾಲು ತಾವೇ ಕೊಡಲು ಒಪ್ಪಿದರು. ಇದರಲ್ಲಿ ಹೊಸದೇನೂ ಇಲ್ಲ. ಏಳು ತಿಂಗಳ ಹಿಂದೆ ಕಾರ್ಲ್‌ಸನ್ ಪಿಟ್ಸ್‌ಬರ್ಗ್‌ಗೆ ಹೋದಾಗಲೂ ಶಾರ್ಕ್ಸ್ ಒಂದು ಮೂರನೇ ಸುತ್ತಿನ ಪಿಕ್ ಜೊತೆಗೆ ಕೊಟ್ಟಿದ್ದರು. ಆ ಸುದ್ದಿ ಬರೆದದ್ದು ಯಾರು? ನಾನೇ. ಬೈಲೈನ್ ಹುಡುಕಿ ನೋಡಿಕೊಂಡೆ.

ಸೋಮವಾರ ಆರ್‌ಸಿಎ ಕಾಲ್, ಅಂದರೆ ತಪ್ಪಿನ ಮೂಲ ಕಾರಣ ಹುಡುಕುವ ಮೀಟಿಂಗ್. ಆ ಫಾರ್ಮ್‌ನ ಡ್ರಾಪ್‌ಡೌನ್‌ನಲ್ಲಿ ಕಾರಣಗಳು ನಾಲ್ಕೇ: ಟೂಲ್, ಸೋರ್ಸ್, ಪ್ರೋಸೆಸ್, ಟ್ರೇನಿಂಗ್. ‘ಸೀನಿಯರ್‌ನ ಕೊಬ್ಬು’ ಅಂತ ಒಂದು ಆಯ್ಕೆ ಇಲ್ಲ. ನಾವು ಬರೆದು ಕಳಿಸುವ ಸಾಫ್ಟ್‌ವೇರ್ ಸಿಎಂಎಸ್ ಮೊದಲು ಡ್ರಾಫ್ಟ್ ತೆರೆದವರ ಹೆಸರನ್ನಷ್ಟೇ ತೋರಿಸುತ್ತದೆ, ನಡುವೆ ಯಾರು ಏನು ತಿದ್ದಿದರು ಅಂತ ತೋರಿಸುವುದಿಲ್ಲ. ಅಲ್ಲಿ ಅವಳ ಹೆಸರಿತ್ತು. ಮ್ಯಾನೇಜರ್ ಸ್ಕ್ರೀನ್ ಶೇರ್ ಮಾಡಿ, “ಹೊಸಬರಿಗೆ ಟ್ರೇನಿಂಗ್ ಸಾಲದು ಅನ್ಸುತ್ತೆ” ಅಂದು ನಾಲ್ಕನೆಯದನ್ನು ಆರಿಸಿದರು.

ನಾನು ಮ್ಯೂಟ್‌ನಲ್ಲಿದ್ದೆ. ಹಾಗೇ ಇದ್ದೆ.

ಟ್ರೇಡ್ ವಿವರ ಉಲ್ಟಾ ಆದದ್ದನ್ನು ಜನ ಒಂದು ಗಂಟೆಯಲ್ಲಿ ಮರೆತಿರುತ್ತಾರೆ. ನನಗೆ ಈಗಲೂ ಚುಚ್ಚುವುದು ಆ ಮ್ಯೂಟ್ ಬಟನ್. ‘ಸದ್ಯಕ್ಕೆ’ ಅನ್ನುವ ಪದ ತಲೆಯಲ್ಲಿ ಕೂತಿತ್ತು. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಎಗೆ ಬರಬಾರದಲ್ಲ.

ಬುಧವಾರ ರಾತ್ರಿ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಅವಳು ಸರಿಯಾಗಿ ಬರೆದಿದ್ದಳು, ಎರಡು ಸಲ ಎಚ್ಚರಿಸಿದಳು, ತಪ್ಪು ನನ್ನದು ಅಂತ. ಅವಳನ್ನೂ ಸಿಸಿಯಲ್ಲಿಟ್ಟೆ. ಉತ್ತರ ಒಂದೇ ಪದ: ‘ನೋಟೆಡ್’. ಟ್ರೇನಿಂಗ್ ಮಾತ್ರ ರದ್ದಾಗಲಿಲ್ಲ. ಕ್ಯಾಲೆಂಡರ್‌ನಲ್ಲಿ ಸ್ಲಾಟ್ ಬ್ಲಾಕ್ ಆಗಿಬಿಟ್ಟಿತ್ತಂತೆ. ಟ್ರೇನರ್ ಯಾರು ಅಂದುಕೊಂಡಿರಿ? ನಾನೇ. ಮೂರು ಗಂಟೆ ಅವಳ ಎದುರು ‘ಸೋರ್ಸ್ ಪರಿಶೀಲಿಸುವುದು ಹೇಗೆ’ ಅನ್ನುವ ಸ್ಲೈಡ್‌ಗಳನ್ನು ತೋರಿಸಿದೆ. ಅವಳು ಗಂಭೀರವಾಗಿ ನೋಟ್ಸ್ ಬರೆದುಕೊಂಡಳು. ನಗು ತಡೆದುಕೊಳ್ಳುತ್ತಿದ್ದಳು ಅಂತ ಈಗ ಒಪ್ಪಿಕೊಳ್ಳುತ್ತಾಳೆ.

ಅಂದಿನಿಂದ ಡೆಸ್ಕಿನಲ್ಲಿ ನಾನು ತಂದ ನಿಯಮ ಒಂದೇ. ಇನ್ನೊಬ್ಬರ ಸಾಲನ್ನು ನಾನು ತಿದ್ದಿದರೆ ಸೆಂಡ್ ಒತ್ತುವುದು ನಾನಲ್ಲ, ಬರೆದವರು. ಅವರು ಒತ್ತಲ್ಲ ಅಂದರೆ ಅಲರ್ಟ್ ಹೋಗಲ್ಲ. ಎಸ್‌ಎಲ್‌ಎ ಹಾಳಾಗಲಿ.

ಶಾರ್ಕ್ಸ್ ಆ ಸೀಸನ್ ಲೀಗ್ ಪಟ್ಟಿಯಲ್ಲಿ 47 ಪಾಯಿಂಟ್‌ನೊಂದಿಗೆ ಕೊನೆಯ ಸ್ಥಾನದಲ್ಲಿ ಮುಗಿಸಿದರು. ಲಾಟರಿ ಹೊಡೆಯಿತು. ಮ್ಯಾಕ್ಲಿನ್ ಸೆಲೆಬ್ರಿನಿ ಸಿಕ್ಕ. ಒಳ್ಳೆಯ ಹುಡುಗ, ಭಾರಿ ಆಟ. ಆದರೂ 2024–25ರಲ್ಲಿ ಮತ್ತೆ ಕೊನೆಯೇ, 52 ಪಾಯಿಂಟ್. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ ವಿಷಯ. ಆ ಹುಡುಗ ಮೊದಲ ವರ್ಷ ಉಳಿದುಕೊಂಡದ್ದು ಜೋ ಥಾರ್ನ್‌ಟನ್ ಮನೆಯಲ್ಲಿ. ವರ್ಷಗಟ್ಟಲೆ ಶಾರ್ಕ್ಸ್‌ಗೆ ಆಡಿ ನಿವೃತ್ತರಾದ, 19ನೇ ನಂಬರ್ ಜೆರ್ಸಿಯ ಗಡ್ಡದ ಹಳಬ. ಅತ್ತ ತಂಡದಲ್ಲಿ ಜೊತೆಗಿರಲಿ ಅಂತ ಟೈಲರ್ ಟೊಫೊಲಿಯಂಥ ಅನುಭವಿಗೆ ನಾಲ್ಕು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟು ಕರೆತಂದರು. ಒಂದು ಬಾಗಿಲಿಂದ ಹಳಬರನ್ನು ಕಳಿಸಿ ಇನ್ನೊಂದರಿಂದ ಕರೆಯುವುದು! ಮೊದಲು ನಾನು ಇದಕ್ಕೆ ನಗುತ್ತಿದ್ದೆ. ಐಪಿಎಲ್ ಡೆಸ್ಕಿಗೆ ಹೋಗಿದ್ದ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟರು. ಇನ್ನೊಬ್ಬರನ್ನು ಅಕ್ಟೋಬರ್‌ನಲ್ಲಿ ಹಾಕಿ ಶುರುವಾದಾಗ ನಮ್ಮ ಮ್ಯಾನೇಜರೇ ಫೋನ್ ಮಾಡಿ ವಾಪಸ್ ಕರೆದರು. ಅದಕ್ಕೂ ಒಂದು ಡೆಕ್ ಮಾಡಿದ್ದರು. ತಲೆಬರಹ ‘ಬ್ಯಾಲೆನ್ಸ್ಡ್ ಪಿರಮಿಡ್’.

2025ರ ಡೆಡ್‌ಲೈನ್ ಮಾರ್ಚ್ 7ಕ್ಕೆ ಬಂತು. ಈ ಸಲ ಶಿಫ್ಟ್ ಲೀಡ್ ಅವಳು. ಎ, ಬಿ, ಸಿ ಪಟ್ಟಿಯೂ ಅವಳದೇ. ಸಿಗೂ ಟೆಂಪ್ಲೇಟ್ ಮಾಡಿಸಿದ್ದಳು. ನಾನು ಕ್ಯೂಸಿಯಲ್ಲಿ ಕೂತಿದ್ದೆ. ಶಾರ್ಕ್ಸ್ ಮತ್ತೆ ಮಾರುತ್ತಿದ್ದರು. ಫೇಬಿಯನ್ ಜೆಟರ್‌ಲಂಡ್ ಒಟ್ಟಾವಾಗೆ. ಶಾರ್ಕ್ಸ್‌ಗೆ ಇಬ್ಬರು ಆಟಗಾರರು, ಒಂದು ಎರಡನೇ ಸುತ್ತಿನ ಪಿಕ್. ಒಟ್ಟಾವಾಗೆ ಜೆಟರ್‌ಲಂಡ್, ಇನ್ನೊಬ್ಬ ಆಟಗಾರ, ಮತ್ತು ಶಾರ್ಕ್ಸ್ ಕಡೆಯಿಂದ ಒಂದು ನಾಲ್ಕನೇ ಸುತ್ತಿನ ಪಿಕ್.

ಅವಳು ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದಳು. ನಾನು ಎರಡೂ ಕೈಗಳನ್ನು ಕೀಬೋರ್ಡಿನಿಂದ ಮೇಲೆತ್ತಿ ತೋರಿಸಿದೆ.

“ಸೋರ್ಸ್ ನೋಡಿದ್ರಾ ಸರ್?”

“ಮೂರು ಸಲ.”

“ಹಾಗಾದ್ರೆ ಒತ್ತಲಾ?”

“ಒತ್ತಮ್ಮ.”