ಮುಳ್ಳಯ್ಯನಗಿರಿ ಮೇಲೆ ನಿಂತೇ ಬಿಟ್ಟ ವಿಮಾನ

ಚಿಕ್ಕಮಗಳೂರಲ್ಲಿ ಜುಲೈ ಅಂದ್ರೆ ಗೊತ್ತಲ್ಲ. ಒಗೆದ ಬಟ್ಟೆ ನಾಲ್ಕು ದಿನ ಆದ್ರೂ ಒಣಗಲ್ಲ, ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಹೊರಗೆ ಕಾಲಿಡೋಕೂ ಮನಸ್ಸಿಲ್ಲ. ಹೋದ ಭಾನುವಾರ ಇಡೀ ದಿನ ಮನೆಯಲ್ಲೇ ಕೂತು ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಅಂದ್ರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ಆಟದಲ್ಲಿ, ಅಂಟೊನೊವ್ ಆನ್-2 ಅನ್ನೋ ಹಳೇ ಸೋವಿಯತ್ ವಿಮಾನ ಹಾರಿಸಿದೆ. ಹಾರಿಸಿದೆ ಅನ್ನೋಕೆ ಸಂಕೋಚ, ತೆವಳಿಸಿದೆ ಅನ್ನಬಹುದು.

ನಮ್ಮೂರಿಗೆ ವಿಮಾನ ನಿಲ್ದಾಣ ಇಲ್ಲ, ಹಾಗಾಗಿ ಮೈಸೂರಿನ ಮಂಡಕಳ್ಳಿಯಿಂದ ಹೊರಟೆ. ಇದರ ಎಂಜಿನ್ ಸುಮ್ನೆ ಗುಂಡಿ ಒತ್ತಿದ್ರೆ ಶುರುವಾಗಲ್ಲ. ಮೊದಲು ಒಂದು ಭಾರದ ಚಕ್ರವನ್ನು ಮೋಟಾರ್ ತಿರುಗಿಸುತ್ತದೆ. ಗೊರ್ ಅಂತ ಶುರುವಾದ ಸದ್ದು ಏರುತ್ತಾ ಏರುತ್ತಾ ಕೀರಲಾಗುತ್ತದೆ, ಆ ಚಕ್ರ ಪೂರ್ತಿ ವೇಗ ಹಿಡಿದ ಮೇಲೆ ಅದನ್ನು ಎಂಜಿನ್‌ಗೆ ಜೋಡಿಸಬೇಕು. ನಾನು ಅವಸರ ಮಾಡಿದೆ. ಪ್ರೊಪೆಲ್ಲರ್ ಅರ್ಧ ಸುತ್ತು ತಿರುಗಿ ನಿಂತಿತು. ಅಡುಗೆ ಮನೆಯಿಂದ ಅಮ್ಮ, "ಏನೋ ಅದು, ಮಿಕ್ಸಿ ಮುಟ್ಟಿದ್ಯಾ?" ಎರಡನೇ ಸಲ ಕಾದೆ. ಒಂಬತ್ತು ಸಿಲಿಂಡರ್, 1000 ಅಶ್ವಶಕ್ತಿ, ಕೆಮ್ಮಿ ಕೆಮ್ಮಿ ಎದ್ದಿತು.

1947ರ ಆಗಸ್ಟ್ 31ಕ್ಕೆ ಮೊದಲ ಸಲ ಹಾರಿದ ವಿಮಾನ ಇದು. ಜಗತ್ತೆಲ್ಲ ಜೆಟ್ ಕಡೆ ಓಡ್ತಾ ಇದ್ದಾಗ ವಿನ್ಯಾಸಗಾರ ಅಂಟೊನೊವ್ ಎರಡು ಜೊತೆ ರೆಕ್ಕೆ ಇಟ್ಟು, ಹೊಲಕ್ಕೆ ಔಷಧಿ ಹೊಡೆಯೋಕೆ, ಹಳ್ಳಿಗೆ ಸಾಮಾನು ಸಾಗಿಸೋಕೆ ಅಂತ ಇದನ್ನು ಕಟ್ಟಿದ. ಹದಿನೆಂಟು ಸಾವಿರಕ್ಕೂ ಜಾಸ್ತಿ ತಯಾರಾದವು. ರಷ್ಯನ್ನರು ಇದನ್ನು ಕುಕುರೂಜ್ನಿಕ್ ಅಂತಾರೆ, ಮೆಕ್ಕೆಜೋಳದವನು ಅಂತ ಅರ್ಥ. ಹಾಸನದ ಮೆಕ್ಕೆಜೋಳದ ಹೊಲಗಳ ಮೇಲೆ ಬಂದಾಗ ಅದಕ್ಕೆ ತವರಿಗೆ ಬಂದ ಹಾಗೆ ಆಗಿರಬೇಕು.

ಇದೇ ದಾರಿಯಲ್ಲಿ ಏರ್‌ಬಸ್ ತಂದಿದ್ದೆ ಒಮ್ಮೆ. ಗೊರೂರು ಡ್ಯಾಮ್ ಎಲ್ಲಿ ಅಂತ ಬಗ್ಗಿ ನೋಡೋಷ್ಟರಲ್ಲಿ ಊರೇ ದಾಟಿ ಹೋಗಿತ್ತು. ಈ ಮುದುಕನಿಗೆ ಗಂಟೆಗೆ 180 ಕಿಲೋಮೀಟರ್ ಅಂದ್ರೆ ದೊಡ್ಡ ಓಟ. ಹಾಗಾಗಿ ಹೇಮಾವತಿ ಹಿನ್ನೀರು ಬೆರಳು ಬೆರಳಾಗಿ ಹರಡಿರೋದು, ಕೆರೆ, ಕೆರೆ ಕೆಳಗಿನ ಗದ್ದೆ, ತೆಂಗು, ಎಲ್ಲ ಒಂದೊಂದಾಗಿ ಕಂಡಿತು. ಬೇಲೂರಲ್ಲಿ ಮಾತ್ರ ಬೇಜಾರಾಯ್ತು. ನನ್ನ ಪರದೆಯಲ್ಲಿ ಚೆನ್ನಕೇಶವನ ಜಾಗದಲ್ಲಿ ಮೂರು ಮಹಡಿ ಮನೆ ನಿಂತಿತ್ತು!

ಮುಳ್ಳಯ್ಯನಗಿರಿ 1,930 ಮೀಟರ್. ಅದರ ಮೇಲಕ್ಕೆ ಹತ್ತಿಸಿ, ಮೂಗು ಪಶ್ಚಿಮಕ್ಕೆ ತಿರುಗಿಸಿ, ಆಟದ ಸೆಟ್ಟಿಂಗ್‌ನಲ್ಲಿ ಎದುರು ಗಾಳಿಯನ್ನು ಗಂಟೆಗೆ 70 ಕಿಲೋಮೀಟರ್‌ಗೆ ಏರಿಸಿದೆ. ಆಮೇಲೆ ರೆಕ್ಕೆಯ ಹಿಂದಂಚಿನ ಫ್ಲಾಪ್ ಅನ್ನೋ ಹಲಗೆಗಳನ್ನು ಪೂರ್ತಿ ಇಳಿಸಿ ನಿಧಾನ ಮಾಡ್ತಾ ಬಂದೆ. ಮೇಲಿನ ರೆಕ್ಕೆಯ ಮುಂದಂಚಲ್ಲಿ ಸ್ಲ್ಯಾಟ್ ಅನ್ನೋ ಪಟ್ಟಿಗಳಿವೆ, ಪೈಲಟ್ ಮುಟ್ಟಬೇಕಾಗಿಲ್ಲ, ವೇಗ ಇಳಿದಾಗ ತಾವೇ ತೆರೆದುಕೊಳ್ಳುತ್ತವೆ. ಆ ಸಂದಿಯಿಂದ ನುಗ್ಗೋ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ವಿಮಾನ ಬೀಳದ ಹಾಗೆ ಹಿಡಿದಿಡುತ್ತದೆ. ಗಾಳಿಗೆ ಹೋಲಿಸಿದ ವೇಗ ತೋರಿಸೋ ಮುಳ್ಳು 60ಕ್ಕೆ ಬಂತು. ಕೆಳಗೆ ನೋಡ್ತೀನಿ, ಬೆಟ್ಟದ ಮೆಟ್ಟಿಲು ಕದಲ್ತಾನೇ ಇಲ್ಲ. ಆಮೇಲೆ ಇಂಚಿಂಚಾಗಿ ಮುಂದಕ್ಕೆ ಸರಿಯೋಕೆ ಶುರುವಾಯ್ತು. ಅಂದ್ರೆ, ನಾನು ಹಿಂದಕ್ಕೆ ಹೋಗ್ತಾ ಇದ್ದೆ.

ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಂದು ಒಂದು ನಿಮಿಷ ನೋಡಿದರು. "ನಿಂತೇ ಇದ್ಯಲ್ಲೋ. ಕೆಟ್ಟೋಯ್ತಾ?"

ಉತ್ತರ ಕೊಡೋ ಮೊದಲೇ ಕರೆಂಟ್ ಹೋಯ್ತು. ಯುಪಿಎಸ್ ಕುಯ್ ಕುಯ್ ಅಂತ ಶುರು ಮಾಡಿತು. ನಮ್ಮನೇದು ಹಳೇದು, ಹತ್ತು ನಿಮಿಷ ತಡೆದ್ರೆ ಪುಣ್ಯ. ಇಷ್ಟು ನಿಧಾನದ ವಿಮಾನ ಕೈಯಲ್ಲಿ ಇಟ್ಕೊಂಡು ಅವಸರ ಮಾಡಬೇಕಾದ ಪರಿಸ್ಥಿತಿ ನೋಡಿ. ಆದರೆ ಊರ ಕಡೆ ತಿರುಗಿಸಿದ್ದೇ ತಡ, ಅದೇ ಗಾಳಿ ಹಿಂದಿನಿಂದ ನೂಕಿತು. ಹಿರೇಕೊಳಲೆ ಕೆರೆ ನೋಡ ನೋಡುತ್ತಲೇ ಬಂತು. ಪಕ್ಕದಲ್ಲಿ ಒಂದು ಬಯಲು ಕಂಡಿತು, ಮತ್ತೆ ಗಾಳಿಗೆ ಮುಖ ಕೊಟ್ಟು ಎಂಜಿನ್ ಸದ್ದು ತಗ್ಗಿಸಿದೆ. ಬಾವಿಗೆ ಕೊಡ ಇಳಿಬಿಟ್ಟ ಹಾಗೆ ನೆಟ್ಟಗೆ ಇಳೀತಾ ಬಂತು. ಹುಲ್ಲು ಕಂಡಿತು. ವಿಮಾನದ ನೆರಳು ಚಕ್ರದ ಹತ್ತಿರಕ್ಕೆ ಬಂತು, ಇನ್ನೇನು ಒಂದಾಳು ಎತ್ತರ.

ಪರದೆ ಕಪ್ಪಾಯ್ತು.

ಕತ್ತಲೆಯಲ್ಲಿ ಅಪ್ಪನ ಲೋಟ ಮೇಜಿನ ಮೇಲೆ ಟಕ್ ಅಂತ ಕೂತಿತು. "ಇಳೀತಾ?" ಅಂದರು.