ಕಪ್ಪತಗುಡ್ಡದ ಹಳ್ಳದಲ್ಲಿ ಕಲ್ಲು ಮಗುಚಿ ನೋಡಿದಾಗ

ದಸರೆ ಕಳೆದು, ಮಳೆಯ ಕೆಂಪು ನೀರು ಇಳಿದು ಹಳ್ಳಗಳು ತಿಳಿಯಾಗುವ ಹೊತ್ತಿಗೆ ನಾನು ಗದಗಿನಿಂದ ಕಪ್ಪತಗುಡ್ಡದ ಬುಡದ ಡೋಣಿ ಎಂಬ ಊರಿನ ಕಡೆಗೆ ಹೊರಡುತ್ತೇನೆ, ತಳದ ಹುಳುಗಳನ್ನು ನೋಡಿ ಹಳ್ಳದ ನೀರಿನ ಸ್ಥಿತಿ ತಿಳಿಯಲು. ಕೈಯಲ್ಲಿ ಅರ್ಧ ಮಿಲಿಮೀಟರ್ ಕಣ್ಣಿನ ಬಲೆ, ಚೀಲದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ ಮತ್ತು ಕೆಲವು ಸಣ್ಣ ಸೀಸೆಗಳು, ಇಷ್ಟೇ ಸಲಕರಣೆ. ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ಕಲ್ಲು ಮರಳನ್ನು ಕಾಲಿನಿಂದ ಮೂರು ನಿಮಿಷ ಕದಡಿದರೆ, ತಳದಲ್ಲಿ ಅಡಗಿದ್ದ ಜೀವಿಗಳೆಲ್ಲ ನೀರಿನ ಜೊತೆ ಬಂದು ಬಲೆಗೆ ಬೀಳುತ್ತವೆ.

ಹೋದ ವರ್ಷ ಗುಡ್ಡದ ಒಳಗಿನ ಹಳ್ಳವೊಂದರಲ್ಲಿ ಮುಷ್ಟಿಗಾತ್ರದ ಕಲ್ಲನ್ನು ಮಗುಚಿದಾಗ ಅದರ ಹೊಟ್ಟೆಗೆ ಮೇಫ್ಲೈ ಎಂಬ ಕೀಟದ ಮರಿಯೊಂದು ಚಪ್ಪಟೆಯಾಗಿ ಅಂಟಿಕೊಂಡಿತ್ತು. ಹಿಂದೆ ಮೂರು ಎಳೆಯಂಥ ಬಾಲ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳು. ತಟ್ಟೆಯ ನೀರಿಗೆ ಬಿಟ್ಟೊಡನೆ ಆ ಕಿವಿರುಗಳು ಒಂದೇ ಸಮನೆ ಅದುರತೊಡಗಿದವು. ಪಕ್ಕದಲ್ಲೇ ಮರಳಿನ ಕಣಗಳನ್ನು ತನ್ನ ರೇಷ್ಮೆಯಿಂದ ಹೊಂದಿಸಿ ಕೊಳವೆಯಂಥ ಮನೆ ಕಟ್ಟಿಕೊಂಡಿದ್ದ ಕ್ಯಾಡಿಸ್ ನೊಣದ ಮರಿಯೂ ಇತ್ತು. ಕುರಿ ನೀರಿಗೆ ಬಿಟ್ಟಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಮೀನಾ ಹಿಡಿಯಾಕತ್ತೀರೇನ್ರೀ ಸರ?" ಎಂದು ಕೇಳಿದರು. ಹುಳ ನೋಡುತ್ತಿದ್ದೇನೆ ಎಂದಾಗ ಅವರು ನಗಲಿಲ್ಲ. "ಕಲ್ಲು ಒಡಿಯೂದರ ಕೆಳಗಿನ ಹಳ್ಳಕ್ಕ ಹೋಗಿ ನೋಡ್ರಿ, ಅಲ್ಲಿ ಕಲ್ಲಿನ ಮ್ಯಾಲೆ ಬರೇ ರಾಡಿ ಐತಿ, ಹುಳಾ ಸುದ್ದಾ ಇಲ್ಲ" ಎಂದರು. ಹೋಗಿ ನೋಡಿದೆ. ಕಲ್ಲುಗಳ ನಡುವಿನ ಸಂದುಗಳನ್ನೆಲ್ಲ ಬೂದುಬಣ್ಣದ ನುಣುಪಾದ ಹೂಳು ತುಂಬಿತ್ತು. ಬಲೆಗೆ ಬಿದ್ದದ್ದು ಕೈರೊನೊಮಿಡ್ ಎಂಬ ನೊಣದ ಕೆಂಪು ಮರಿಹುಳುಗಳು ಮತ್ತು ಎರೆಹುಳುವಿನ ಜಾತಿಯ ತೆಳು ಹುಳುಗಳು ಮಾತ್ರ. ಆ ಮರಿಹುಳುಗಳ ಕೆಂಪಿಗೆ ಹಿಮೋಗ್ಲೋಬಿನ್ ಕಾರಣ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಅವು ಬದುಕುವುದು ಅದರ ಬಲದಿಂದ.

ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲದೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಅದೂ ಬೇಕು. ಆದರೆ ಆ ಬಾಟಲಿಯಲ್ಲಿರುವುದು ತುಂಬಿದ ಗಳಿಗೆಯ ನೀರು. ನಿನ್ನೆ ರಾತ್ರಿಯ ಮಳೆಗೆ ಗಣಿಯ ಮಣ್ಣಿನ ರಾಶಿಯಿಂದ ಹರಿದುಬಂದದ್ದು ಬೆಳಗಾಗುವಷ್ಟರಲ್ಲಿ ದಾಟಿ ಹೋಗಿರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದೇ ಕಲ್ಲಿನ ಕೆಳಗೆ ಉಳಿಯಬೇಕಾದ ಮರಿಗೆ ಓಡಿಹೋಗಲು ದಾರಿಯಿಲ್ಲ, ಆದ್ದರಿಂದ ಬಂದದ್ದನ್ನೆಲ್ಲ ಅದು ಮೈಮೇಲೆ ತೆಗೆದುಕೊಂಡಿರುತ್ತದೆ.

ಗಣಿಗಾರಿಕೆ ಹಳ್ಳವನ್ನು ಕೆಡಿಸುವ ಬಗೆ ಒಂದೇ ಅಲ್ಲ. ಹೂಳು ಎಲ್ಲರಿಗೂ ಕಾಣುತ್ತದೆ. ಗಂಧಕವಿರುವ ಖನಿಜಗಳು ಗಾಳಿ ಮತ್ತು ನೀರಿಗೆ ಒಡ್ಡಿಕೊಂಡಾಗ ಗಂಧಕಾಮ್ಲ ಹುಟ್ಟಿ, ಅದು ಬಂಡೆಯಲ್ಲಿನ ಲೋಹಗಳನ್ನು ಕರಗಿಸಿ ಹಳ್ಳಕ್ಕೆ ತರುತ್ತದೆ. ಕರಗಿದ ಕಬ್ಬಿಣ ಮುಂದೆ ಕಿತ್ತಳೆ ಬಣ್ಣದ ಪದರವಾಗಿ ಕಲ್ಲಿಗೂ ಕಿವಿರಿಗೂ ಕೂರುತ್ತದೆ. ಕಣ್ಣಿಗೆ ಸ್ವಲ್ಪವೂ ಕಾಣದ ಇನ್ನೊಂದು ಬಗೆ ನನ್ನನ್ನು ಹೆಚ್ಚು ಕಾಡುತ್ತದೆ. ಅಮೆರಿಕದ ಅಪಲೇಷಿಯನ್ ಬೆಟ್ಟಗಳಲ್ಲಿ ಕಲ್ಲಿದ್ದಲಿಗಾಗಿ ಗುಡ್ಡದ ನೆತ್ತಿಯನ್ನೇ ಒಡೆದು ಕಣಿವೆಗೆ ಸುರಿದ ಕಡೆ, ಕೆಳಗಿನ ತೊರೆಗಳ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ಕರಗಿದ ಲವಣ ಏರಿ, ಮೇಫ್ಲೈಗಳು ಕಾಣೆಯಾದವು. ಅದನ್ನು ಆಧರಿಸಿಯೇ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2011ರಲ್ಲಿ ಆ ಪ್ರದೇಶದ ತೊರೆಗಳಿಗೆ ಸೆಂಟಿಮೀಟರಿಗೆ 300 ಮೈಕ್ರೋಸೀಮೆನ್ಸ್ ವಿದ್ಯುತ್ ವಾಹಕತೆಯನ್ನು (ಕರಗಿದ ಲವಣ ಹೆಚ್ಚಿದಷ್ಟೂ ಇದು ಏರುತ್ತದೆ) ಮಿತಿಯಾಗಿ ಸೂಚಿಸಿತು. ಹೆಚ್ಚಿನವರಿಗೆ ಹೆಸರೂ ತಿಳಿಯದ ಹುಳುಗಳು ನೀರಿನ ಮಿತಿಗೆ ಅಳತೆಗೋಲಾದ ಉದಾಹರಣೆ ಇದು.

ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ನೀರಿನ ಹುಳುಗಳ ಕುಟುಂಬಗಳಿಗೆ, ಮಾಲಿನ್ಯವನ್ನು ಎಷ್ಟು ತಾಳುತ್ತವೆ ಎಂಬುದನ್ನು ನೋಡಿ, 1ರಿಂದ 10ರವರೆಗೆ ಅಂಕ ಕೊಡುವ ಪಟ್ಟಿಯನ್ನು ರೂಪಿಸಿದರು. ಸೂಕ್ಷ್ಮ ಸ್ವಭಾವದ ಮೇಫ್ಲೈಗಳಿಗೆ 10, ಕೈರೊನೊಮಿಡ್‌ಗೆ 2. ನಮ್ಮ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡವೂ ಇದೇ ಜಾಡಿನದು. ಆದರೆ ಆ ಪಟ್ಟಿಯನ್ನು ಹಾಗೆಯೇ ಹೊತ್ತು ತಂದು ನಮ್ಮ ಹಳ್ಳಗಳ ಮೇಲೆ ಹಾಕುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಹೆಚ್ಚು ಅಂಕ ಪಡೆಯುವ ಸ್ಟೋನ್‌ಫ್ಲೈ ಎಂಬ ಕೀಟಗಳಿಗೆ ತಣ್ಣನೆಯ, ಸದಾ ಹರಿಯುವ ನೀರು ಬೇಕು. ಬೇಸಿಗೆಗೆ ಬತ್ತಿಹೋಗುವ ಬಯಲುಸೀಮೆಯ ಹಳ್ಳದಲ್ಲಿ ಅವು ಸಿಗದಿದ್ದರೆ ಅದು ಗಣಿಯ ಅಪರಾಧವಲ್ಲ. ಹೀಗಾಗಿ ಅದೇ ಗುಡ್ಡದ, ಅದೇ ಬಗೆಯ ಕಲ್ಲಿನ, ಅದೇ ತಿಂಗಳಲ್ಲಿ ಹರಿಯುವ, ಯಾರೂ ಕೆದಕದ ಹಳ್ಳವೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಲೇಬೇಕು.

ಅಂಥ ಹಳ್ಳಗಳು ಉಳಿದಿರುವುದು ಕಪ್ಪತಗುಡ್ಡದಲ್ಲಿ. ಇಲ್ಲಿ ಕಬ್ಬಿಣ, ಮ್ಯಾಂಗನೀಸ್ ಇವೆ, ಚಿನ್ನವೂ ಇದೆ. ಕಳೆದ ಶತಮಾನದ ಆರಂಭದಲ್ಲಿ ಚಿನ್ನಕ್ಕಾಗಿ ಅಗೆದದ್ದೂ ಉಂಟು. ರಾಜ್ಯ ಸರ್ಕಾರ 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, ಮರುವರ್ಷ ಆ ಆದೇಶವನ್ನು ಹಿಂಪಡೆದಾಗ, ಗದಗಿನ ಮಠದ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಆ ಹೋರಾಟದ ದಿನಗಳಲ್ಲಿ ಔಷಧಿ ಸಸ್ಯಗಳ ಪಟ್ಟಿ ಎಲ್ಲರ ಬಾಯಲ್ಲಿತ್ತು, ಹಳ್ಳದ ತಳದ ಜೀವಿಗಳ ಮಾತು ನನ್ನ ಕಿವಿಗೆ ಬೀಳಲಿಲ್ಲ. ನಾಳೆ ಗುಡ್ಡದ ಅಂಚಿನಲ್ಲಿ ಗಣಿ ತೆರೆದರೆ, ಮೊದಲು ಏನಿತ್ತು ಎಂದು ತೋರಿಸಲು ಇಂದಿನ ದಾಖಲೆಯೇ ಬೇಕಾಗುತ್ತದೆ.

ಅದಕ್ಕಾಗಿ ಪ್ರತಿ ಹಳ್ಳದ ಮಾದರಿಯನ್ನೂ ಮದ್ಯಸಾರದ ಸೀಸೆಯಲ್ಲಿ ಇಟ್ಟು, ಊರು, ದಿನಾಂಕ, ವಾಹಕತೆಯನ್ನು ಚೀಟಿಯಲ್ಲಿ ಸೀಸದಕಡ್ಡಿಯಿಂದ ಬರೆದು ಒಳಗೇ ಹಾಕುತ್ತೇನೆ. ಪೆನ್ನಿನ ಶಾಯಿ ಮದ್ಯಸಾರಕ್ಕೆ ಕರಗಿಹೋಗುತ್ತದೆ. ಈ ಸಲ ಮುಂಡರಗಿ ಕಡೆಯ ಹಳ್ಳಗಳು ಬಾಕಿ ಇವೆ, ಅವು ಬತ್ತುವ ಮೊದಲೇ ಹೋಗಬೇಕು.